ಪಾಲಿಹೌಸ್ ತರಕಾರಿಗೆ ಸಾರಜನಕ ಹೆಚ್ಚಾದರೆ ಖನಿಜಾಂಶ ಕಡಿಮೆಯಾಗುತ್ತದೆಯೇ?

ಕೆಂಪುಮಣ್ಣು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಮ್ಮದು ಒಂದು ಎಕರೆ ಪಾಲಿಹೌಸ್ ಇದ್ದು, ಅದರಲ್ಲಿ ಕೆಂಪು ಮತ್ತು ಹಳದಿ ಕ್ಯಾಪ್ಸಿಕಂ ಬೆಳೆಯುತ್ತಿದ್ದೇವೆ. ಪಕ್ಕದಲ್ಲೇ ನೆರಳುಪರದೆಯ ಕೆಳಗೆ ಸ್ವಲ್ಪ ಜಾಗದಲ್ಲಿ ಪಾಲಕ್ ಮತ್ತು ಲೆಟ್ಯೂಸ್ ಇದೆ. ಎಲ್ಲವೂ ಮಣ್ಣಿನ ಏರುಮಡಿಗಳ ಮೇಲೆಯೇ, ಕೊಳವೆಬಾವಿಯ ಗಡಸು ನೀರಿನಲ್ಲಿಯೇ. ಗೊಬ್ಬರವನ್ನು ಹನಿ ನೀರಾವರಿಯ ಮೂಲಕ ರಸಾವರಿಯಾಗಿ ಕೊಡುತ್ತೇವೆ. ಗಿಡ ಎಳೆಯದಾಗಿದ್ದಾಗ 19:19:19 (ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ) ಮತ್ತು ಯೂರಿಯಾ, ಕಾಯಿ ಕಟ್ಟಿದ ಮೇಲೆ 13:0:45, ವಾರಕ್ಕೊಮ್ಮೆ ಪ್ರತ್ಯೇಕವಾಗಿ ಕ್ಯಾಲ್ಸಿಯಂ ನೈಟ್ರೇಟ್, ನಡುವೆ ಒಮ್ಮೊಮ್ಮೆ ಮೆಗ್ನೀಷಿಯಂ ಸಲ್ಫೇಟ್. ಇದು ನಮ್ಮ ಸಾಮಾನ್ಯ ಪಟ್ಟಿ.

ಈ ಬಾರಿ ಇಳುವರಿ ಹೆಚ್ಚಿಸುವ ಉದ್ದೇಶದಿಂದ ಸಾರಜನಕದ ಪ್ರಮಾಣವನ್ನು ಹೆಚ್ಚಿಸಲಾಯಿತು. ಗಿಡಗಳು ಎತ್ತರಕ್ಕೆ ಬೆಳೆದು ಎಲೆಗಳು ಅಗಲವಾಗಿ ಕಡುಹಸಿರಾಗಿವೆ, ಕಾಯಿಯೂ ಚೆನ್ನಾಗಿ ಹಿಡಿದಿದೆ. ಆದರೆ ಹೆಬ್ಬೆರಳು ಗಾತ್ರ ದಾಟಿದ ಕಾಯಿಗಳಲ್ಲಿ, ಹೂವು ಉದುರಿದ ತುದಿಯ ಪಕ್ಕದಲ್ಲಿ, ಮೊದಲು ನೀರು ತುಂಬಿದಂತಹ ತೆಳು ಹಸಿರು ಕಲೆ ಕಾಣಿಸುತ್ತದೆ. ಕೆಲವು ದಿನಗಳಲ್ಲಿ ಆ ಭಾಗ ಒಳಕ್ಕೆ ಕುಸಿದು ಕಂದುಬಣ್ಣಕ್ಕೆ ತಿರುಗಿ, ಸಿಪ್ಪೆ ತೆಳುವಾಗಿ ಒಣಗುತ್ತದೆ. ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಕಲೆ ಇಲ್ಲದ ಕಾಯಿಗಳೂ ಮೊದಲಿನಷ್ಟು ದಿನ ಗಟ್ಟಿಯಾಗಿ ಉಳಿಯುತ್ತಿಲ್ಲವೆಂದು ಕೊಳ್ಳುವವರು ಹೇಳುತ್ತಿದ್ದಾರೆ.

ಇದು ಕ್ಯಾಲ್ಸಿಯಂ ಕೊರತೆಯೆಂದು ತಿಳಿದು ಎಲೆ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ ಎಂದೇ ಬಂದಿದೆ. ಸಾರಜನಕ ಮಾತ್ರ ಅಪೇಕ್ಷಿತ ಮಟ್ಟಕ್ಕಿಂತ ಮೇಲಿದೆ. ಆದರೂ ನಮಗೆ ಸಿಕ್ಕಿರುವ ಸಲಹೆ, ಈಗ ಕೊಡುತ್ತಿರುವುದರ ಜೊತೆಗೆ ಇನ್ನಷ್ಟು ಕ್ಯಾಲ್ಸಿಯಂ ನೈಟ್ರೇಟ್ ಕೊಡಿ ಎಂಬುದು.

ನನ್ನ ಪ್ರಶ್ನೆಗಳು ಹೀಗಿವೆ. ಸಾರಜನಕ ಹೆಚ್ಚು ಕೊಟ್ಟರೆ ತರಕಾರಿಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಷಿಯಂ, ಕಬ್ಬಿಣದಂತಹ ಖನಿಜಗಳು ನಿಜವಾಗಿಯೂ ಕಡಿಮೆಯಾಗುತ್ತವೆಯೇ? ಎಲೆಯಲ್ಲಿ ಸಾಕಷ್ಟಿರುವ ಕ್ಯಾಲ್ಸಿಯಂ ಕಾಯಿಯಲ್ಲಿ ಏಕೆ ಸಾಲುತ್ತಿಲ್ಲ? ಇನ್ನು ಪಾಲಕ್ ಕೊಳ್ಳುವ ಬೆಂಗಳೂರಿನ ಕೆಲವು ಗ್ರಾಹಕರು ಅದರಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಕೇಳತೊಡಗಿದ್ದಾರೆ. ಅವರಿಗೆ ಏನೆಂದು ಉತ್ತರಿಸಬೇಕು?

ಹಳೆಯ ಮೇಷ್ಟ್ರು

ಮಣ್ಣು ವಿಜ್ಞಾನವನ್ನು ಪಾಠ ಹೇಳಿ ನಿವೃತ್ತನಾದವನು ನಾನು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು. ನಿಮ್ಮ ಮೊದಲ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಸಾರಜನಕವನ್ನು ಎಷ್ಟು ಕೊಟ್ಟಿರಿ ಎನ್ನುವುದಕ್ಕಿಂತ ಯಾವ ರೂಪದಲ್ಲಿ ಕೊಟ್ಟಿರಿ ಮತ್ತು ನೀವು ಅಳೆಯುತ್ತಿರುವುದು ಗಿಡದ ಯಾವ ಭಾಗವನ್ನು ಎನ್ನುವುದೇ ಇಲ್ಲಿ ಮುಖ್ಯ.

ಗಿಡವು ಬೇರಿನ ಮೂಲಕ ತೆಗೆದುಕೊಳ್ಳುವ ಪೋಷಕಾಂಶಗಳಲ್ಲಿ ಸಾರಜನಕದ ಪಾಲೇ ದೊಡ್ಡದು. ಉಳಿದವುಗಳಿಗಿಲ್ಲದ ಒಂದು ವಿಶೇಷ ಅದಕ್ಕಿದೆ: ಅದು ನೈಟ್ರೇಟ್ ಆಗಿ ಬಂದರೆ ಋಣ ಅಯಾನು, ಅಮೋನಿಯಂ ಆಗಿ ಬಂದರೆ ಧನ ಅಯಾನು. ಬೇರು ಒಳಗೆಳೆದುಕೊಳ್ಳುವ ವಿದ್ಯುದಂಶಗಳ ಲೆಕ್ಕ ಸರಿದೂಗಲೇಬೇಕಾದ್ದರಿಂದ, ನೈಟ್ರೇಟ್ ಒಳಗೆ ಹೋಗುವಾಗ ಅದರ ಜೊತೆಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಸುಲಭವಾಗಿ ಸಾಗುತ್ತವೆ. ಅಮೋನಿಯಂ ಹೆಚ್ಚಿದ್ದರೆ ಈ ಮೂರೂ ಅದರೊಡನೆ ಪೈಪೋಟಿಗೆ ಬಿದ್ದು ಹಿಂದೆ ಉಳಿಯುತ್ತವೆ. ಒಟ್ಟು ಸಾರಜನಕ ಒಂದೇ ಇದ್ದರೂ ಅಮೋನಿಯಂ ಉಣಿಸಿದ ಗಿಡದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ಇದೇ.

ಇದರ ಮತ್ತೊಂದು ಮುಖ ಬೇರಿನ ಸುತ್ತಲಿನ ರಸಸಾರ (pH, ಅಂದರೆ ಹುಳಿ ಅಥವಾ ಕ್ಷಾರದ ಮಟ್ಟ). ಅಮೋನಿಯಂ ಹೀರಿದ ಬೇರು ಹೈಡ್ರೋಜನ್ ಅಯಾನುಗಳನ್ನು ಹೊರಬಿಟ್ಟು ತನ್ನ ಸುತ್ತ ಹುಳಿ ಹೆಚ್ಚಿಸುತ್ತದೆ. ನೈಟ್ರೇಟ್ ಹೀರಿದ ಬೇರು ಕ್ಷಾರತೆಯನ್ನು ಹೆಚ್ಚಿಸುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸತು, ರಂಜಕ ಇವು ತುಸು ಹುಳಿಯಾದ ಪರಿಸರದಲ್ಲಿ ಹೆಚ್ಚು ಕರಗುತ್ತವೆ. ಆದ್ದರಿಂದ ಕ್ಯಾಲ್ಸಿಯಂಗೆ ತೊಂದರೆ ಕೊಡುವ ಅದೇ ಅಮೋನಿಯಂ ಕಬ್ಬಿಣಕ್ಕೆ ನೆರವಾಗುತ್ತದೆ. ಎಲ್ಲ ಖನಿಜಗಳನ್ನೂ ಒಂದೇ ಗುಂಪಿಗೆ ಸೇರಿಸಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಕೇಳಿದರೆ ಉತ್ತರ ತಪ್ಪಾಗುವುದು ಇಂತಹ ಕಡೆಯಲ್ಲೇ.

ನಿಮ್ಮ ಪಟ್ಟಿಯಲ್ಲಿರುವ 19:19:19ರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದ್ದು. ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ, ಅನಂತರ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನಮ್ಮ ಬೆಚ್ಚನೆಯ ಕೆಂಪುಮಣ್ಣಿನಲ್ಲಿ ಗಾಳಿಯಾಡುತ್ತಿದ್ದರೆ ಈ ಎರಡನೆಯ ಹಂತವೂ ಬೇಗನೆ ನಡೆಯುತ್ತದೆ. ಆದರೆ ದಿನವೂ ಡ್ರಿಪ್ ಬಿಟ್ಟು ನಳಿಕೆಯ ಕೆಳಗಿನ ಮಣ್ಣು ಸದಾ ತೊಪ್ಪೆಯಾಗಿಯೇ ಇದ್ದರೆ ಅಲ್ಲಿ ಆಮ್ಲಜನಕ ಸಾಲದೆ ಅಮೋನಿಯಂ ಹೆಚ್ಚು ಕಾಲ ಹಾಗೆಯೇ ಉಳಿಯುತ್ತದೆ. ಬೇರು ದಟ್ಟವಾಗಿರುವುದೂ ಅಲ್ಲೇ.

ಇನ್ನು ಪ್ರಮಾಣದ ಮಾತು. ಸಾರಜನಕ ಕೊರತೆಯಿರುವ ಗಿಡಕ್ಕೆ ಅದನ್ನು ಒದಗಿಸಿದಾಗ ಬೇರು ಬಲಗೊಂಡು ಇತರ ಖನಿಜಗಳ ಹೀರಿಕೆಯೂ ಏರುತ್ತದೆ. ಸಾಕಷ್ಟು ಸಿಕ್ಕ ಮೇಲೂ ಕೊಡುತ್ತಾ ಹೋದರೆ ಗಿಡದ ಬೆಳವಣಿಗೆ ಖನಿಜಗಳ ಹೀರಿಕೆಗಿಂತ ಮುಂದೆ ಓಡುತ್ತದೆ. ಇದನ್ನು ಸಸ್ಯಪೋಷಣೆಯಲ್ಲಿ ದುರ್ಬಲೀಕರಣ ಪರಿಣಾಮ ಎನ್ನುತ್ತಾರೆ. ಉದಾಹರಣೆಗೆ ಗಿಡ ಹೀರಿದ ಒಟ್ಟು ಮೆಗ್ನೀಷಿಯಂ ಶೇ. 10ರಷ್ಟು ಹೆಚ್ಚಾಗಿ, ಗಿಡದ ಒಣತೂಕ ಶೇ. 30ರಷ್ಟು ಹೆಚ್ಚಾಯಿತು ಎಂದುಕೊಳ್ಳಿ. ಆಗ ಮೆಗ್ನೀಷಿಯಂನ ಸಾಂದ್ರತೆ ಮೊದಲಿದ್ದುದಕ್ಕಿಂತ ಸುಮಾರು ಶೇ. 15ರಷ್ಟು ಇಳಿದಿರುತ್ತದೆ. ಗಿಡ ಹೆಚ್ಚೇ ತೆಗೆದುಕೊಂಡಿದೆ, ಒಣತೂಕದ ಪ್ರತಿ ಗ್ರಾಮಿಗೆ ಮಾತ್ರ ಕಡಿಮೆ ಸಿಕ್ಕಿದೆ. ಪರೀಕ್ಷಾ ವರದಿಗಳನ್ನು ಹೋಲಿಸುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

ನಿಮ್ಮ ಎರಡನೆಯ ಪ್ರಶ್ನೆಯೇ ನಿಮ್ಮ ತೋಟಕ್ಕೆ ಸಂಬಂಧಿಸಿದ ನಿಜವಾದ ಪ್ರಶ್ನೆ. ಕ್ಯಾಲ್ಸಿಯಂ ಗಿಡದೊಳಗೆ ಬಹುಮಟ್ಟಿಗೆ ಜಲವಾಹಕ ನಾಳಗಳಲ್ಲಿ, ಅಂದರೆ ಬೇರಿನಿಂದ ಮೇಲೇರುವ ನೀರಿನ ಜೊತೆಯಲ್ಲಿ ಮಾತ್ರ ಸಾಗುತ್ತದೆ. ಎಲೆಯಿಂದ ಸಕ್ಕರೆಯನ್ನು ಕಾಯಿಗೆ ಒಯ್ಯುವ ಆಹಾರವಾಹಕ ನಾಳಗಳಲ್ಲಿ ಅದರ ಸಂಚಾರ ಬಹಳ ಅತ್ಯಲ್ಪ. ಪೊಟ್ಯಾಸಿಯಂ ಮತ್ತು ಮೆಗ್ನೀಷಿಯಂಗೆ ಈ ನಿರ್ಬಂಧವಿಲ್ಲ, ಅವು ಎಲೆಯಿಂದ ಕಾಯಿಗೆ ಹೋಗಬಲ್ಲವು. ನೀರನ್ನು ಎಳೆಯುವ ಶಕ್ತಿ ಇರುವುದು ಆವಿಯನ್ನು ಹೊರಬಿಡುವ ಎಲೆಗೆ. ಮೇಣ ಹಚ್ಚಿದಂತಹ ಸಿಪ್ಪೆಯ ಕ್ಯಾಪ್ಸಿಕಂ ಕಾಯಿ ಆವಿ ಬಿಡುವುದು ಅತ್ಯಲ್ಪ. ಸಾರಜನಕ ಹೆಚ್ಚಾಗಿ ಎಲೆಗಳು ಅಗಲವಾದಷ್ಟೂ ಮೇಲೇರುವ ನೀರಿನಲ್ಲಿ, ಅದರೊಡನೆ ಕ್ಯಾಲ್ಸಿಯಂನಲ್ಲಿ, ಎಲೆಗಳ ಪಾಲು ಬೆಳೆಯುತ್ತದೆ. ಒಮ್ಮೆ ಎಲೆಗೆ ಸೇರಿದ ಕ್ಯಾಲ್ಸಿಯಂ ಹಿಂದಿರುಗಿ ಕಾಯಿಗೆ ಬರುವುದಿಲ್ಲ. ಹೀಗಾಗಿ ಎಲೆ ವರದಿಯಲ್ಲಿ ಕ್ಯಾಲ್ಸಿಯಂ ತೃಪ್ತಿಕರ ಎಂದೂ ಕಾಯಿಯ ತುದಿಯಲ್ಲಿ ಕೊಳೆ ಎಂದೂ ಏಕಕಾಲಕ್ಕೆ ಕಾಣುವುದರಲ್ಲಿ ವಿರೋಧವೇನೂ ಇಲ್ಲ.

ಹೆಚ್ಚುವರಿ ಕ್ಯಾಲ್ಸಿಯಂ ನೈಟ್ರೇಟ್ ಕೊಡುವ ಸಲಹೆಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಅದರಲ್ಲಿ ಸುಮಾರು ಶೇ. 19 ಕ್ಯಾಲ್ಸಿಯಂ ಇದೆ, ನಿಜ. ಆದರೆ ಶೇ. 15.5 ಸಾರಜನಕವೂ ಇದೆ. ಹತ್ತು ಕೆ.ಜಿ. ಹೆಚ್ಚುವರಿಯಾಗಿ ಬಿಟ್ಟರೆ 1.9 ಕೆ.ಜಿ. ಕ್ಯಾಲ್ಸಿಯಂ ಜೊತೆಗೆ 1.55 ಕೆ.ಜಿ. ಸಾರಜನಕ, ಎಂದರೆ ಹೆಚ್ಚುಕಡಿಮೆ 3.4 ಕೆ.ಜಿ. ಯೂರಿಯಾಕ್ಕೆ ಸಮನಾದದ್ದು, ಮಡಿಗೆ ಸೇರುತ್ತದೆ. ಬೇರೆ ಮೂಲದ ಸಾರಜನಕವನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸದೆ ಇದನ್ನು ಕೊಟ್ಟರೆ ಎಲೆ ಇನ್ನಷ್ಟು ಕೊಬ್ಬುತ್ತದೆ, ಕಾಯಿಯ ಸ್ಥಿತಿ ಹಾಗೆಯೇ ಇರುತ್ತದೆ.

ನಾರುಪುಡಿ

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಅನುಭವದಿಂದ ಸ್ವಲ್ಪ ಸೇರಿಸುತ್ತೇನೆ. ನಾನು ದೊಡ್ಡಬಳ್ಳಾಪುರದ ಕಡೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಚೀಲಗಳಲ್ಲಿ ಟೊಮೆಟೊ ಮತ್ತು ಕ್ಯಾಪ್ಸಿಕಂ ಬೆಳೆಯುತ್ತೇನೆ. ಮಣ್ಣಿನಲ್ಲಿ ಸೂಕ್ಷ್ಮಾಣುಗಳು ನಮ್ಮ ಪರವಾಗಿ ಅಮೋನಿಯಂ ಅನ್ನು ನೈಟ್ರೇಟ್ ಮಾಡಿಕೊಡುತ್ತವೆ. ಹೊಸ ಕೊಕೊಪೀಟಿನಲ್ಲಿ ಅವುಗಳ ಸಂಖ್ಯೆ ಕಡಿಮೆ. ಆದ್ದರಿಂದ ಮಣ್ಣಿಲ್ಲದ ಬೇಸಾಯದಲ್ಲಿ ಒಟ್ಟು ಸಾರಜನಕದಲ್ಲಿ ಅಮೋನಿಯಂನ ಪಾಲು ಸಾಮಾನ್ಯವಾಗಿ ಶೇ. 5ರಿಂದ 10ರ ಒಳಗೇ ಇರುವಂತೆ ನೋಡಿಕೊಳ್ಳುತ್ತಾರೆ. ಅದನ್ನು ಪೂರ್ತಿ ತೆಗೆದುಹಾಕುವುದೂ ಸರಿಯಲ್ಲ. ಬರೀ ನೈಟ್ರೇಟ್ ಕೊಟ್ಟರೆ ಚೀಲದಿಂದ ಬಸಿದು ಬರುವ ನೀರಿನ ರಸಸಾರ ಮೇಲೇರುತ್ತಾ ಹೋಗಿ, ಕುಡಿಯ ಎಲೆಗಳಲ್ಲಿ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ, ಅಂದರೆ ಕಬ್ಬಿಣ ಇದ್ದೂ ಸಿಗದ ಸ್ಥಿತಿ. ಆಗ ಅಮೋನಿಯಂ ಅನ್ನು ತುಸು ಏರಿಸಿದರೆ ರಸಸಾರ ಇಳಿಯುತ್ತದೆ. ಗಡಸು ನೀರಿನವರು ಇ.ಡಿ.ಟಿ.ಎ. ಕಬ್ಬಿಣಕ್ಕೆ ಬದಲಾಗಿ ಇ.ಡಿ.ಡಿ.ಎಚ್.ಎ. ಕಬ್ಬಿಣ ಬಳಸುವುದು ಒಳ್ಳೆಯದು (ಇವೆರಡೂ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ಸಂಯುಕ್ತಗಳು). ಮೊದಲನೆಯದು ರಸಸಾರ 6.5 ದಾಟಿದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕೊಕೊಪೀಟ್ ಬಳಸುವವರು ಮರೆಯಬಾರದ ಇನ್ನೊಂದು ವಿಷಯ: ತೆಂಗಿನ ನಾರಿನ ಪುಡಿಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ ಮತ್ತು ಸೋಡಿಯಂ ಅಂಟಿಕೊಂಡಿರುತ್ತವೆ. ನಾಟಿಗೆ ಮೊದಲು ಅದನ್ನು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ತೊಳೆಯದಿದ್ದರೆ, ಆರಂಭದ ವಾರಗಳಲ್ಲಿ ನಾವು ಕೊಟ್ಟ ಕ್ಯಾಲ್ಸಿಯಂ ಅನ್ನು ಪುಡಿಯೇ ಹಿಡಿದುಕೊಂಡು ಪೊಟ್ಯಾಸಿಯಂ ಅನ್ನು ಬಿಡುತ್ತದೆ.

ಪ್ರಶ್ನೆ ಕೇಳಿದವರ ತುದಿಕೊಳೆಗೆ ಬರುತ್ತೇನೆ. ಕಾಯಿಗೆ ಕ್ಯಾಲ್ಸಿಯಂ ಸೇರುವ ಕಾಲ ಬಹಳ ಚಿಕ್ಕದು. ಕಾಯಿ ಕಚ್ಚಿದ ಮೊದಲ ಎರಡು ಮೂರು ವಾರಗಳಲ್ಲಿ, ಅದು ಬೇಗ ಬೇಗ ಹಿಗ್ಗುವಾಗ, ಸಿಕ್ಕಷ್ಟು ಸಿಕ್ಕಿತು. ಅದೂ ಹೆಚ್ಚಾಗಿ ರಾತ್ರಿಯ ವೇಳೆ, ಎಲೆಗಳು ಆವಿ ಬಿಡುವುದನ್ನು ನಿಲ್ಲಿಸಿ ಬೇರಿನ ಒತ್ತಡದಿಂದ ನೀರು ಎಲ್ಲ ಭಾಗಗಳಿಗೂ ಹರಿಯುವಾಗ. ಬೆಳಗಿನ ಜಾವ ಎಲೆಯಂಚಿನಲ್ಲಿ ಹನಿಗಳು ನಿಂತಿದ್ದರೆ ಬೇರಿನ ಒತ್ತಡ ಚೆನ್ನಾಗಿದೆ ಎಂದು ತಿಳಿಯಬಹುದು. ಮಡಿಯಲ್ಲಿ ಲವಣಾಂಶ ಹೆಚ್ಚಿದ್ದರೆ ಈ ಒತ್ತಡ ಕುಗ್ಗುತ್ತದೆ. ಆದ್ದರಿಂದ ಲವಣಾಂಶ ತಿಳಿಸುವ ಇ.ಸಿ. (ವಿದ್ಯುತ್ ವಾಹಕತೆ) ಮಾಪಕವನ್ನು ಗೊಬ್ಬರದ ತೊಟ್ಟಿಗೆ ಅದ್ದಿ ನೋಡಿದರೆ ಸಾಲದು, ಬೇರಿನ ಬಳಿಯ ಮಣ್ಣಿನಲ್ಲೂ ನೋಡಬೇಕು. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿ ಎಲೆಗಳೇ ಎಲ್ಲ ನೀರನ್ನೂ ಎಳೆದುಕೊಳ್ಳುವಾಗ, ಮಂಜಿನಂತೆ ನೀರು ಸಿಂಪಡಿಸುವ ಫಾಗರ್‌ಗಳನ್ನು ಅಲ್ಪಕಾಲ ಓಡಿಸುವುದರಿಂದ ನನಗೆ ಸಿಕ್ಕಷ್ಟು ಪ್ರಯೋಜನ ಯಾವ ಗೊಬ್ಬರದಿಂದಲೂ ಸಿಕ್ಕಿಲ್ಲ.

ಕ್ಯಾಲ್ಸಿಯಂ ಸಿಂಪಡಿಸುವವರು ಅದನ್ನು ಎಳೆಯ ಕಾಯಿಯ ಮೇಲೆಯೇ ಬೀಳುವಂತೆ ಸಿಂಪಡಿಸಬೇಕು. ಎಲೆಯ ಮೇಲೆ ಬಿದ್ದದ್ದು ಎಲೆಯಲ್ಲೇ ಉಳಿಯುತ್ತದೆ. ಕಡುಹಸಿರಿನ ದಟ್ಟ ಗಿಡದಲ್ಲಿ ಕಾಯಿ ಎಲೆಗಳ ಮರೆಯಲ್ಲಿರುವುದರಿಂದ ಇದೂ ಸುಲಭವಲ್ಲ.

ಸಾವಯವ ಮಿತ್ರ

ಇಷ್ಟೆಲ್ಲ ಲೆಕ್ಕಾಚಾರ ಬೇಕಿರುವುದು ರಾಸಾಯನಿಕ ಗೊಬ್ಬರ ಬಳಸುವುದರಿಂದ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಮತ್ತು ಕೋಳಿ ಗೊಬ್ಬರ ಬಳಸಿದರೆ ನೈಟ್ರೇಟಿನ ಸಮಸ್ಯೆಯೂ ಖನಿಜದ ಸಮಸ್ಯೆಯೂ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆಯ ಮೇಷ್ಟ್ರು

ಕೊಟ್ಟಿಗೆ ಗೊಬ್ಬರದ ಬಗ್ಗೆ ನನಗೂ ಗೌರವವಿದೆ. ಆದರೆ ಗಿಡವು ಗೊಬ್ಬರದ ಮೂಲ ಯಾವುದೆಂದು ವಿಚಾರಿಸುವುದಿಲ್ಲ. ಸಾವಯವ ಸಾರಜನಕವೂ ಕೊಳೆತು ಅಮೋನಿಯಂ ಆಗಿ, ಅನಂತರ ನೈಟ್ರೇಟ್ ಆಗಿಯೇ ಬೇರಿಗೆ ತಲುಪುತ್ತದೆ. ವ್ಯತ್ಯಾಸ ಇರುವುದು ಬಿಡುಗಡೆಯ ವೇಗದಲ್ಲಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನಿಧಾನವಾಗಿ ಬಿಡುವುದರಿಂದ ಅತಿಯಾಗುವ ಸಂಭವ ಕಡಿಮೆ. ಕೋಳಿ ಗೊಬ್ಬರ ಹಾಗಲ್ಲ. ಅದರ ಸಾರಜನಕದಲ್ಲಿ ಬೇಗ ಅಮೋನಿಯಂ ಆಗುವ ಪಾಲು ದೊಡ್ಡದು. ಮಳೆ ಬೀಳದ ಪಾಲಿಹೌಸಿನ ಮಣ್ಣಿನಲ್ಲಿ ಅದನ್ನು ಧಾರಾಳವಾಗಿ ಹಾಕಿದರೆ ಲವಣಾಂಶವೂ ನೈಟ್ರೇಟೂ ಕೆಳಗೆ ಬಸಿದು ಹೋಗದೆ ಮೇಲ್ಪದರದಲ್ಲೇ ಶೇಖರವಾಗುತ್ತವೆ.

ವೆಸ್ಟ್‌ಲ್ಯಾಂಡ್ ಕನ್ನಡಿಗ

ನಾನು ನೆದರ್‌ಲೆಂಡ್ಸ್‌ನಲ್ಲಿ ಗಾಜುಮನೆ ತರಕಾರಿಗಳ ಗುಣಮಟ್ಟಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ. ಪಾಲಕ್ ಮತ್ತು ಲೆಟ್ಯೂಸ್ ಬಗೆಗಿನ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಯುರೋಪಿಯನ್ ಒಕ್ಕೂಟದಲ್ಲಿ ಸೊಪ್ಪಿನ ನೈಟ್ರೇಟಿಗೆ ಕಾನೂನಿನ ಮಿತಿಯಿದೆ. ಪಾಲಕ್ ಅನ್ನು ಹೋಲುವ ತಾಜಾ ಸ್ಪಿನಾಚ್‌ನಲ್ಲಿ ಕೆ.ಜಿ.ಗೆ 3500 ಮಿಲಿಗ್ರಾಂ. ಲೆಟ್ಯೂಸಿನ ಮಿತಿ ಋತುವಿಗೂ ಬೆಳೆದ ಜಾಗಕ್ಕೂ ತಕ್ಕಂತೆ ಬದಲಾಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕೊಯ್ದ, ಗಾಜುಮನೆಯಲ್ಲಿ ಬೆಳೆದ ಸಾಮಾನ್ಯ ಲೆಟ್ಯೂಸಿಗೆ 5000, ಬಯಲಿನಲ್ಲಿ ಬೆಳೆದದ್ದಕ್ಕೆ 4000. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇವು ಕ್ರಮವಾಗಿ 4000 ಮತ್ತು 3000 ಆಗುತ್ತವೆ. ಮಿತಿಯನ್ನು ಹೀಗೆ ಕಾಲಕ್ಕೊಂದು ರೀತಿ ಇಟ್ಟಿರುವುದರ ಹಿಂದೆ ಸಸ್ಯಶಾಸ್ತ್ರವಿದೆ. ಎಲೆಯೊಳಗೆ ನೈಟ್ರೇಟನ್ನು ಪ್ರೋಟೀನಿನತ್ತ ಒಯ್ಯುವ ಮೊದಲ ಹೆಜ್ಜೆಯನ್ನು ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ಇಡುತ್ತದೆ. ಆ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು, ಅದರ ಕೆಲಸ ನಡೆಯಲು ಬೆಳಕು ಬೇಕು. ಇಲ್ಲಿಯ ಚಳಿಗಾಲದ ಮಂಕು ಬೆಳಕಿನಲ್ಲಿ ಬೇರು ನೈಟ್ರೇಟನ್ನು ಹೀರುತ್ತಲೇ ಇರುತ್ತದೆ, ಎಲೆ ಅದನ್ನು ಬಳಸಲಾರದೆ ಜೀವಕೋಶದ ರಸಕೋಶದಲ್ಲಿ ಕೂಡಿಡುತ್ತದೆ. ಬೆಳಕು ಕಡಿಮೆಯಾದಾಗ ಸಕ್ಕರೆಯೂ ಕಡಿಮೆ ತಯಾರಾಗುತ್ತದೆ. ಜೀವಕೋಶ ತನ್ನ ಬಿಗುವನ್ನು ಕಾಯ್ದುಕೊಳ್ಳಲು ಸಕ್ಕರೆಯ ಜಾಗದಲ್ಲಿ ನೈಟ್ರೇಟನ್ನೇ ಬಳಸಿಕೊಳ್ಳುತ್ತದೆ.

ಬೆಂಗಳೂರಿನ ಸುತ್ತಮುತ್ತ ಬೆಳಕಿಗೆ ಬರವಿಲ್ಲ ಎಂದು ನೀವು ಹೇಳಬಹುದು. ಆದರೆ ಜುಲೈ ಮತ್ತು ಆಗಸ್ಟ್‌ನ ಮೋಡದ ದಿನಗಳಲ್ಲಿ ಶೇ. 50ರ ನೆರಳುಪರದೆಯನ್ನು ಹಾಗೆಯೇ ಬಿಟ್ಟು, ಸಾರಜನಕವನ್ನು ಬೇಸಿಗೆಯ ಲೆಕ್ಕದಲ್ಲೇ ಕೊಡುತ್ತಿದ್ದರೆ, ಇಲ್ಲಿಯ ಚಳಿಗಾಲದ ಸ್ಥಿತಿಯನ್ನು ನೀವಾಗಿಯೇ ಅಲ್ಲಿ ಸೃಷ್ಟಿಸಿಕೊಂಡಂತೆ. ಮಳೆಗಾಲದಲ್ಲಿ ಪರದೆಯನ್ನು ಸರಿಸಲು ಬರುವಂತಿದ್ದರೆ ಅದೇ ಮೊದಲ ಪರಿಹಾರ. ಕೊಯ್ಲಿಗೆ ಕೆಲವು ದಿನ ಮುಂಚೆ ಸಾರಜನಕವನ್ನು ಇಳಿಸುವುದು ಅಥವಾ ನಿಲ್ಲಿಸುವುದು, ಮುಂಜಾವಿಗೆ ಬದಲಾಗಿ ಬಿಸಿಲು ಕಂಡ ದಿನದ ಇಳಿಹೊತ್ತಿನಲ್ಲಿ ಕೊಯ್ಯುವುದು, ಇವು ಇಲ್ಲಿ ರೂಢಿಯಲ್ಲಿರುವ ಕ್ರಮಗಳು. ನೀವು ಸೊಪ್ಪನ್ನು ರಾತ್ರಿ ಸಾಗಿಸುವುದಾದರೆ ಇದು ಅದಕ್ಕೂ ಹೊಂದುತ್ತದೆ. ತೊಟ್ಟಿನಲ್ಲಿ ಎಲೆಗಿಂತ, ಹೊರಗಿನ ಹಳೆಯ ಎಲೆಗಳಲ್ಲಿ ಒಳಗಿನವುಗಳಿಗಿಂತ ನೈಟ್ರೇಟ್ ಹೆಚ್ಚು. ಉದ್ದ ತೊಟ್ಟು ಬಿಟ್ಟು ಕಟ್ಟು ಕಟ್ಟುವುದನ್ನು ಕಡಿಮೆ ಮಾಡಿದರೂ ಮಾರುವ ಕಟ್ಟಿನಲ್ಲಿರುವ ಪ್ರಮಾಣ ಇಳಿಯುತ್ತದೆ.

ಖನಿಜದ ಪ್ರಶ್ನೆ ಇಲ್ಲಿ ಮತ್ತೆ ತಲೆಹಾಕುತ್ತದೆ. ಕೊನೆಯ ದಿನಗಳಲ್ಲಿ ನೈಟ್ರೇಟ್ ನಿಲ್ಲಿಸಿದರೆ ಅದರ ಜೊತೆಗೆ ಬರುತ್ತಿದ್ದ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂಗೆ ಸಂಗಾತಿ ಇಲ್ಲವಾಗುತ್ತದೆ. ಅದಕ್ಕಾಗಿ ಮಣ್ಣಿಲ್ಲದ ಬೇಸಾಯದಲ್ಲಿ ನೈಟ್ರೇಟಿನ ಒಂದು ಭಾಗವನ್ನು ಕ್ಲೋರೈಡಿನಿಂದ ತುಂಬುತ್ತಾರೆ. ರಸಕೋಶದಲ್ಲಿ ನೈಟ್ರೇಟ್ ಮಾಡುತ್ತಿದ್ದ ಕೆಲಸವನ್ನು ಕ್ಲೋರೈಡ್ ಮಾಡುತ್ತದೆ. ಆದರೆ ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಕ್ಲೋರೈಡ್ ಈಗಾಗಲೇ ಇದ್ದರೆ ಈ ಉಪಾಯಕ್ಕೆ ಕೈಹಾಕಬೇಡಿ.

ಅಡುಗೆಮನೆ ಆಹಾರತಜ್ಞೆ

ಬೆಳೆಗಾರರ ನಡುವೆ ತಿನ್ನುವವರ ಪರವಾಗಿ ನಾನೊಂದೆರಡು ಮಾತು ಹೇಳುತ್ತೇನೆ. ಕ್ಯಾಪ್ಸಿಕಂನಲ್ಲಿ ಕ್ಯಾಲ್ಸಿಯಂ 100 ಗ್ರಾಂಗೆ ಸುಮಾರು 10 ಮಿಲಿಗ್ರಾಂ. ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಸಾರಜನಕದ ಏರುಪೇರಿನಿಂದ ಕ್ಯಾಪ್ಸಿಕಂನ ಕ್ಯಾಲ್ಸಿಯಂ 10 ಇದ್ದದ್ದು 8 ಆದರೂ 12 ಆದರೂ ಉಣ್ಣುವವರ ಮೂಳೆಗೆ ಅದರಿಂದ ಏನೂ ಆಗುವುದಿಲ್ಲ. ಅದು ಕಾಯಿಯ ಗಟ್ಟಿತನಕ್ಕೂ ಬಾಳಿಕೆಗೂ, ಅಂದರೆ ನಿಮ್ಮ ಮಾರಾಟಕ್ಕೂ ಮುಖ್ಯ. ಜೀವಕೋಶಗಳ ಗೋಡೆಯನ್ನು ಹಿಡಿದಿಡುವುದು ಕ್ಯಾಲ್ಸಿಯಂ ಎಂಬುದು ನಿಮಗೆ ತಿಳಿದದ್ದೇ. ಪಾಲಿಹೌಸ್ ತರಕಾರಿಯಲ್ಲಿ ಸತ್ವವಿಲ್ಲ ಎಂದು ಯಾರಾದರೂ ಕ್ಯಾಪ್ಸಿಕಂ ತೋರಿಸಿ ಹೇಳಿದರೆ ಖನಿಜದ ಮಟ್ಟಿಗಂತೂ ಆ ಮಾತಿಗೆ ಹೆಚ್ಚು ಅರ್ಥವಿಲ್ಲ.

ಸೊಪ್ಪಿನ ವಿಷಯ ಬೇರೆ. ಸ್ಪಿನಾಚ್‌ನಲ್ಲಿ 100 ಗ್ರಾಂಗೆ 100 ಮಿಲಿಗ್ರಾಂ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲಿನ ಆಕ್ಸಲೇಟ್ ಈ ಕ್ಯಾಲ್ಸಿಯಂನ ಬಹುಭಾಗವನ್ನು ಕಟ್ಟಿಹಾಕುವುದರಿಂದ ನಮ್ಮ ಕರುಳಿಗೆ ದಕ್ಕುವುದು ಅಲ್ಪ. ಮೇಷ್ಟ್ರು ಹೇಳಿದ ಸಾರಜನಕದ ರೂಪದ ಮಾತು ಇಲ್ಲಿ ಇನ್ನೊಂದು ತಿರುವು ಪಡೆಯುತ್ತದೆ. ನೈಟ್ರೇಟ್ ಹೆಚ್ಚು ಸಿಕ್ಕ ಸ್ಪಿನಾಚ್ ಗಿಡ ತನ್ನೊಳಗಿನ ವಿದ್ಯುದಂಶಗಳನ್ನು ಸರಿದೂಗಿಸಲು ಸಾವಯವ ಆಮ್ಲಗಳನ್ನು, ಅದರಲ್ಲೂ ಆಕ್ಸಲೇಟನ್ನು, ಹೆಚ್ಚು ತಯಾರಿಸುತ್ತದೆ. ಅಮೋನಿಯಂನ ಪಾಲು ಹೆಚ್ಚಿದಾಗ ಆಕ್ಸಲೇಟ್ ಇಳಿಯುತ್ತದೆ. ಹೀಗಾಗಿ ಪ್ರಯೋಗಾಲಯದ ವರದಿಯಲ್ಲಿ ಕ್ಯಾಲ್ಸಿಯಂ ಹೆಚ್ಚೆಂದು ಕಂಡ ಸೊಪ್ಪೇ ದೇಹಕ್ಕೆ ಹೆಚ್ಚು ಕ್ಯಾಲ್ಸಿಯಂ ಕೊಡುತ್ತದೆ ಎಂದು ಹೇಳಲಾಗದು.

ನೈಟ್ರೇಟಿನ ಬಗ್ಗೆ ಗ್ರಾಹಕರಿಗೆ ಕೊಡಬೇಕಾದ ಉತ್ತರ: ಅಂತರರಾಷ್ಟ್ರೀಯ ತಜ್ಞರ ಸಮಿತಿಗಳು ಒಪ್ಪಿರುವ ದಿನದ ಸೇವನೆಯ ಮಿತಿ ದೇಹದ ಪ್ರತಿ ಕೆ.ಜಿ. ತೂಕಕ್ಕೆ 3.7 ಮಿಲಿಗ್ರಾಂ ನೈಟ್ರೇಟ್, ಅಂದರೆ 60 ಕೆ.ಜಿ. ತೂಕದವರಿಗೆ ಸುಮಾರು 222 ಮಿಲಿಗ್ರಾಂ. ಕೆ.ಜಿ.ಗೆ 2500 ಮಿಲಿಗ್ರಾಂ ಇರುವ ಸೊಪ್ಪನ್ನು ಹಸಿಯಾಗಿ 100 ಗ್ರಾಂ ತಿಂದರೆ ಅದು 250 ಮಿಲಿಗ್ರಾಂ ಆಗುತ್ತದೆ. ಲೆಕ್ಕ ಗಾಬರಿ ಹುಟ್ಟಿಸುವಂತಿದ್ದರೂ, ಇದು ಜೀವಮಾನವಿಡೀ ಪ್ರತಿದಿನ ಸೇವಿಸಿದರೂ ತೊಂದರೆಯಿಲ್ಲವೆಂದು ಇಟ್ಟಿರುವ ಮಟ್ಟವೇ ಹೊರತು ಒಂದು ದಿನ ದಾಟಿದರೆ ಅಪಾಯ ಎನ್ನುವ ಗೆರೆಯಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಈ ವಿಷಯವನ್ನು ಪರಿಶೀಲಿಸಿ, ತರಕಾರಿ ತಿನ್ನುವುದರ ಲಾಭ ನೈಟ್ರೇಟಿನ ಆತಂಕಕ್ಕಿಂತ ದೊಡ್ಡದೆಂದೇ ಅಭಿಪ್ರಾಯಪಟ್ಟಿತು. ಎಚ್ಚರ ಬೇಕಾದದ್ದು ಹಸುಗೂಸುಗಳ ವಿಷಯದಲ್ಲಿ. ಬೇಯಿಸಿದ ಸೊಪ್ಪನ್ನು ಹೊರಗೇ ಇಟ್ಟು ಮರುದಿನ ಮಗುವಿಗೆ ಕೊಡಬಾರದು, ಏಕೆಂದರೆ ಬ್ಯಾಕ್ಟೀರಿಯಾಗಳು ಅದರ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ.

ಕುದಿಸಿ ನೀರು ಬಸಿದರೆ ನೈಟ್ರೇಟ್ ಗಣನೀಯವಾಗಿ ಇಳಿಯುತ್ತದೆ, ಪೊಟ್ಯಾಸಿಯಂ ಕೂಡ ಅದೇ ನೀರಿನಲ್ಲಿ ಹೋಗುತ್ತದೆ. ಬಸ್ಸಾರು ಮಾಡುವ ಮನೆಗಳಲ್ಲಿ ಆ ಬಸಿದ ನೀರೇ ಸಾರಾಗುವುದರಿಂದ ಎರಡೂ ತಟ್ಟೆಗೇ ವಾಪಸು ಬರುತ್ತವೆ. ಇದರಲ್ಲಿ ಹೆದರುವಂಥದ್ದೇನಿಲ್ಲ, ಬಸಿದರೆ ಎಲ್ಲ ಹೋಯಿತು ಎಂದು ಹೇಳುವವರಿಗಾಗಿ ಬರೆದೆ.

ಕೆಂಪುಮಣ್ಣು (ಪ್ರಶ್ನೆ ಕೇಳಿದವರು)

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನಮ್ಮ ಕೊಳವೆಬಾವಿಯ ನೀರಿನ ಹಳೆಯ ವರದಿಯನ್ನು ತೆಗೆದು ನೋಡಿದೆ. ಗಡಸುತನ, ಬೈಕಾರ್ಬನೇಟ್ ಎರಡೂ ಹೆಚ್ಚೆಂದಿದೆ, ನೈಟ್ರೇಟ್ ಕುಡಿಯುವ ನೀರಿನ ಮಿತಿಯ ಹತ್ತಿರದಲ್ಲಿದೆ. ರಸಾವರಿಯ ಲೆಕ್ಕದಲ್ಲಿ ಇದನ್ನು ಹಿಡಿಯಬೇಕೇ? ಮೇಷ್ಟ್ರೇ, ಮುಂದಿನ ಪರೀಕ್ಷೆಗೆ ಯಾವ ಮಾದರಿ ಕಳುಹಿಸಬೇಕೆಂದೂ ದಯವಿಟ್ಟು ತಿಳಿಸಿ.

ಹಳೆಯ ಮೇಷ್ಟ್ರು

ಖಂಡಿತ ಹಿಡಿಯಬೇಕು, ಹೆಚ್ಚಿನವರು ಹಿಡಿಯುವುದಿಲ್ಲ. ನಮ್ಮ ದೇಶದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದರಲ್ಲಿ ಸಾರಜನಕ ಸುಮಾರು 10 ಮಿಲಿಗ್ರಾಂ. ಒಂದು ಎಕರೆಗೆ ದಿನಕ್ಕೆ 10,000 ಲೀಟರ್ ನೀರು ಬಿಡುತ್ತೀರೆಂದುಕೊಂಡರೆ ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕೆ.ಜಿ. ಸಾರಜನಕ ನೀರಿನಲ್ಲೇ ಬರುತ್ತದೆ. ಅದು ಆರೂವರೆ ಕೆ.ಜಿ. ಯೂರಿಯಾಕ್ಕೆ ಸಮ, ಅದೂ ನೇರವಾಗಿ ನೈಟ್ರೇಟ್ ರೂಪದಲ್ಲಿ.

ಇದಕ್ಕಿಂತ ಕುತೂಹಲದ್ದು ಕ್ಯಾಲ್ಸಿಯಂ ಲೆಕ್ಕ. ನಿಮ್ಮ ವರದಿಯ ಅಂಕಿ ನನಗೆ ಗೊತ್ತಿಲ್ಲದ್ದರಿಂದ ಕುಡಿಯುವ ನೀರಿನ ಅಪೇಕ್ಷಿತ ಮಿತಿಯಾದ ಲೀಟರಿಗೆ 75 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. ಅದೇ 10,000 ಲೀಟರಿನಲ್ಲಿ ದಿನಕ್ಕೆ 750 ಗ್ರಾಂ, ತಿಂಗಳಿಗೆ 22 ಕೆ.ಜಿ.ಗಿಂತ ಹೆಚ್ಚು ಕ್ಯಾಲ್ಸಿಯಂ ಮಡಿಗೆ ಬರುತ್ತದೆ. ಅಷ್ಟನ್ನು ಕ್ಯಾಲ್ಸಿಯಂ ನೈಟ್ರೇಟಿನಿಂದ ಕೊಡಬೇಕಾದರೆ ನೂರು ಕೆ.ಜಿ.ಗೂ ಮೀರಿ ಬೇಕಾಗುತ್ತದೆ. ಬೈಕಾರ್ಬನೇಟ್ ಹೆಚ್ಚಿದ್ದಾಗ ಇದರಲ್ಲಿ ಒಂದು ಪಾಲು ಸುಣ್ಣವಾಗಿ ಗಟ್ಟಿಕಟ್ಟುತ್ತದೆ. ನಿಮ್ಮ ಡ್ರಿಪ್ ನಳಿಕೆಗಳ ಬಾಯಲ್ಲಿ ಕಾಣುವ ಬಿಳಿ ಹೊಪ್ಪಳಿಕೆ ಅದೇ. ಆದರೂ ನಿಮ್ಮ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಎನ್ನಲು ಕಾರಣವಿಲ್ಲ. ಕೊರತೆಯಿರುವುದು ಕಾಯಿಯವರೆಗಿನ ಸಾಗಾಟದಲ್ಲಿ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಯೂರಿಯಾವನ್ನು ಸಂಪೂರ್ಣ ನಿಲ್ಲಿಸಿ. ಕಾಯಿ ಕಚ್ಚುವ ಹಂತದಲ್ಲಿ 19:19:19 ಬೇಡ. ಒಟ್ಟು ಸಾರಜನಕವನ್ನು ಮೊದಲಿದ್ದ ಪ್ರಮಾಣಕ್ಕೆ ಇಳಿಸಿ, ಅದರೊಳಗೇ ಕ್ಯಾಲ್ಸಿಯಂ ನೈಟ್ರೇಟ್ ಮತ್ತು 13:0:45ರ ಪಾಲು ನಿಗದಿಪಡಿಸಿ. ವಾರಕ್ಕೊಮ್ಮೆ ಹೆಚ್ಚು ಕೊಡುವುದಕ್ಕಿಂತ ಕ್ಯಾಲ್ಸಿಯಂ ನೈಟ್ರೇಟನ್ನು ಎರಡು ಮೂರು ಸಣ್ಣ ಕಂತುಗಳಲ್ಲಿ ಕೊಡುವುದು ಮೇಲು. ಅದನ್ನು ಮೆಗ್ನೀಷಿಯಂ ಸಲ್ಫೇಟ್ ಅಥವಾ ರಂಜಕವಿರುವ ಗೊಬ್ಬರದೊಂದಿಗೆ ಒಂದೇ ತೊಟ್ಟಿಯಲ್ಲಿ ಕಲಸಬೇಡಿ, ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ಪೊಟ್ಯಾಷ್ ಕೂಡ ಅತಿಯಾದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಎರಡನ್ನೂ ಹಿಂದಕ್ಕೆ ತಳ್ಳುತ್ತದೆ. ಬಣ್ಣ ಬರಲೆಂದು 13:0:45 ಅನ್ನು ಮನಬಂದಂತೆ ಏರಿಸುವ ಅಭ್ಯಾಸ ನಮ್ಮ ಕಡೆ ಇದೆ, ಅದನ್ನು ಬಿಡಿ. ಬೈಕಾರ್ಬನೇಟ್ ತಗ್ಗಿಸಲು ಆಮ್ಲ ಬಳಸುವುದಾದರೆ, ನೈಟ್ರಿಕ್ ಆಮ್ಲದಿಂದ ಬರುವ ಸಾರಜನಕವನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಮಾದರಿಯ ವಿಷಯ. ಎಲೆಯನ್ನು ಕಳುಹಿಸುವುದಾದರೆ ಆಗಷ್ಟೇ ಬಲಿತು ಪೂರ್ತಿ ಬಿಚ್ಚಿಕೊಂಡ ಎಲೆಯನ್ನು, ಬೇರೆ ಬೇರೆ ಸಾಲುಗಳಿಂದ, ಬೆಳಗಿನ ಒಂದೇ ಹೊತ್ತಿನಲ್ಲಿ ಆರಿಸಿ. ಅದರ ಜೊತೆಗೆ ಈ ಬಾರಿ ಕಾಯಿಯನ್ನೂ ಕಳುಹಿಸಿ. ಕಲೆಯಿಲ್ಲದ ಎಳೆಯ ಕಾಯಿಗಳನ್ನು ಅಡ್ಡಲಾಗಿ ಕತ್ತರಿಸಿ, ತೊಟ್ಟಿನ ಕಡೆಯ ಅರ್ಧವನ್ನೂ ತುದಿಯ ಅರ್ಧವನ್ನೂ ಬೇರೆ ಬೇರೆ ಚೀಲಗಳಲ್ಲಿ ಗುರುತು ಹಾಕಿ ಕೊಡಿ. ತುದಿಯಲ್ಲಿ ಕ್ಯಾಲ್ಸಿಯಂ ಎಷ್ಟು ಇಳಿದಿದೆ ಎಂಬುದು ಆಗ ನೇರವಾಗಿ ಕಾಣುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಿಮಗೆ ದೂರವೇನಲ್ಲ, ಇಂತಹ ಮಾದರಿಯ ಬಗ್ಗೆ ಮೊದಲೇ ಮಾತಾಡಿಕೊಂಡು ಹೋಗಿ. ವರದಿ ಕೈಗೆ ಬಂದಾಗ ಅಂಕಿಗಳು ಒಣತೂಕದ ಲೆಕ್ಕವೋ ಹಸಿತೂಕದ ಲೆಕ್ಕವೋ ಎಂದು ಕೇಳಿ ಬರೆಸಿಕೊಳ್ಳಿ. ಕ್ಯಾಪ್ಸಿಕಂನಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ ಈ ಎರಡು ಅಂಕಿಗಳ ನಡುವೆ ಹತ್ತು ಹದಿನೈದು ಪಟ್ಟು ಅಂತರವಿರುತ್ತದೆ.